ಎಣ್ಣೆ ಇಲ್ಲ, ಟೇಬಲ್ ಇಲ್ಲ: ಥಾಯ್ ಮಸಾಜ್‌ಗೆ ಹೋದರೆ ಏನೇನು ನಡೆಯುತ್ತದೆ

ಗದ್ದೆಯಿಂದ ಬಂದ ಅಜ್ಜಿ ಕೈಕಾಲು ತೊಳೆದು ಚಾಪೆ ಮೇಲೆ ಬೋರಲು ಮಲಗುತ್ತಿದ್ದರು. "ಬಾರೋ, ಸ್ವಲ್ಪ ಕಾಲು ತುಳಿ" ಅನ್ನುತ್ತಿದ್ದರು. ನಾನು ಗೋಡೆ ಹಿಡಿದುಕೊಂಡು ಅವರ ಮೀನಖಂಡದ ಮೇಲೆ ಹತ್ತುತ್ತಿದ್ದೆ. ಮೆಲ್ಲಗೆ ತೊಡೆವರೆಗೆ ಹೋಗಿ ವಾಪಸ್ ಬರುವುದು. ಮಂಡಿಯ ಹಿಂದಿನ ಕುಳಿಗೆ ಕಾಲು ಬಿದ್ದರೆ "ಅಲ್ಲಿ ಬೇಡ್ವೋ" ಅಂತ ಗದರಿಕೆ. ಸೊಂಟದ ಹತ್ತಿರ ಬಂದಾಗ "ಹಾಂ, ಅಲ್ಲೇ ನಿಲ್ಲು". ಒಂದು ಚೂರು ಬೆಲ್ಲ ನನ್ನ ಕೂಲಿ.

ಎಷ್ಟೋ ವರ್ಷದ ಮೇಲೆ ಬ್ಯಾಂಕಾಕಿನ ಒಂದು ಗಲ್ಲಿಯಲ್ಲಿ ಮೊದಲ ಸಲ ಥಾಯ್ ಮಸಾಜ್ ಮಾಡಿಸಿಕೊಂಡೆ. ಸ್ಪಾ ಜಾಹೀರಾತಿನ ಮೇಣದಬತ್ತಿ, ಗುಲಾಬಿ ಎಸಳು ಯಾವುದೂ ಅಲ್ಲಿರಲಿಲ್ಲ. ನೆಲದ ಮೇಲೆ ತೆಳು ಹಾಸಿಗೆ. ಮೈಮೇಲೆ ಪೂರ್ತಿ ಬಟ್ಟೆ. ಎಣ್ಣೆ ಒಂದು ಹನಿಯೂ ಇಲ್ಲ. ನಮ್ಮಮ್ಮನ ವಯಸ್ಸಿನ ಹೆಂಗಸೊಬ್ಬರು ನನ್ನ ತೊಡೆ ಮೇಲೆ ಅಂಗಾಲು ಊರಿ ಒತ್ತುತ್ತಿದ್ದರು. ಮಂಡಿಯ ಕುಳಿ ಬಂದಾಗ ಮಾತ್ರ ಅದನ್ನು ದಾಟಿ ಮುಂದೆ ಹೋಗುತ್ತಿದ್ದರು. ಅಜ್ಜಿಯ ಚಾಪೆ ನೆನಪಾಗದೆ ಇನ್ನೇನಾಗುತ್ತೆ?

1687ರಲ್ಲಿ ಫ್ರಾನ್ಸಿನ ರಾಯಭಾರಿಯಾಗಿ ಸಯಾಮಿಗೆ, ಅಂದರೆ ಇವತ್ತಿನ ಥಾಯ್ಲೆಂಡಿಗೆ, ಹೋಗಿದ್ದ ಸಿಮೋನ್ ದ ಲಾ ಲೂಬೇರ್ ಎಂಬಾತ ಇದನ್ನು ಗಮನಿಸಿದ್ದ. ಅಲ್ಲಿ ಯಾರಿಗಾದರೂ ಹುಷಾರು ತಪ್ಪಿದರೆ ಮೊದಲು ಬಲ್ಲವರನ್ನು ಕರೆಸಿ ಮೈ ನಾದಿಸಿಕೊಳ್ಳುತ್ತಾರೆ, ಆತ ರೋಗಿಯ ಮೈಮೇಲೆ ಹತ್ತಿ ಕಾಲಿಂದ ತುಳಿಯುತ್ತಾನೆ ಅಂತ ಬರೆದಿಟ್ಟ. ತುಂಬು ಬಸುರಿಯರು ಹೆರಿಗೆ ಸುಲಭವಾಗಲಿ ಅಂತ ಮಗುವಿನಿಂದ ತುಳಿಸಿಕೊಳ್ಳುತ್ತಾರಂತೆ ಅನ್ನುವ ಕೇಳಿದ ಮಾತನ್ನೂ ಸೇರಿಸಿದ. (ದಯವಿಟ್ಟು ಯಾರೂ ಇದನ್ನು ಪ್ರಯತ್ನಿಸಬೇಡಿ.) 2019ರ ಡಿಸೆಂಬರ್‌ನಲ್ಲಿ ಯುನೆಸ್ಕೊ 'ನುವಾಡ್ ಥಾಯ್', ಅಂದರೆ ಥಾಯ್ ಮಸಾಜ್ ಅನ್ನು ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅಲ್ಲಿಯೂ ಇದರ ಬೇರು ಹಳ್ಳಿಯ ರೈತರಲ್ಲಿ ಇದೆ ಅಂತಲೇ ಹೇಳಿದೆ. ಹೊಲದಲ್ಲಿ ದುಡಿದು ಮೈಕೈ ನೊಂದವರು ಊರಿನಲ್ಲೇ ಇದ್ದ ಮಸಾಜ್ ಬಲ್ಲವರ ಹತ್ತಿರ ಹೋಗುತ್ತಿದ್ದರು.

ಹಾಗಾಗಿ ಮೊದಲ ಸಲ ಹೋಗುವವರು 'ಸ್ಪಾ' ಅನ್ನುವ ಪದವನ್ನು ಸ್ವಲ್ಪ ಪಕ್ಕಕ್ಕಿಟ್ಟರೆ ಒಳ್ಳೆಯದು. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ಒಳಗೆ ಕಾಲಿಟ್ಟ ಮೇಲೆ

ಚಪ್ಪಲಿ ಹೊರಗೆ. ಮೊದಲು ನಿಮ್ಮ ಕಾಲು ತೊಳೆಯುತ್ತಾರೆ, ಬೆಚ್ಚಗಿನ ನೀರಿನಲ್ಲಿ. ನಮ್ಮ ಕಡೆಯವರಿಗೆ ಇದು ಮುಜುಗರದ ಗಳಿಗೆ. ದೊಡ್ಡವರೊಬ್ಬರು ಕೆಳಗೆ ಕೂತು ನಮ್ಮ ಪಾದ ಉಜ್ಜುವುದು ಅಂದರೆ ಯಾಕೋ ಸರಿಬರುವುದಿಲ್ಲ. ಕಾಲು ಹಿಂದಕ್ಕೆ ಎಳೆದುಕೊಳ್ಳಬೇಡಿ. ಇನ್ನು ಒಂದೂವರೆ ಗಂಟೆ ಅವರ ಮುಖ, ಕೈ ಎಲ್ಲ ಆ ಪಾದದ ಹತ್ತಿರವೇ ಇರುತ್ತದೆ. ತೊಳೆಯುವುದು ಇಬ್ಬರಿಗೂ ಒಳ್ಳೆಯದು.

ಆಮೇಲೆ ಒಂದು ಸಡಿಲ ಅಂಗಿ, ಒಂದು ಪ್ಯಾಂಟ್ ಕೊಡುತ್ತಾರೆ. ಆ ಪ್ಯಾಂಟ್ ನೋಡಿದರೆ ಇಬ್ಬರು ಒಟ್ಟಿಗೆ ತೊಡಬಹುದು ಅನ್ನಿಸುತ್ತದೆ. ಅಳತೆ ತಪ್ಪಾಗಿದೆ ಅಂದುಕೊಂಡು ನಾನು ಬೇರೆ ಕೇಳಿದ್ದೆ. ಬಾಗಿಲ ಆಚೆ ನಗು. ಅದು ಮೀನುಗಾರರ ಪ್ಯಾಂಟ್, ಇರುವುದೇ ಹಾಗೆ. ಲುಂಗಿ ಉಟ್ಟು ಗೊತ್ತಿರುವವರಿಗೆ ಎರಡು ನಿಮಿಷದ ಕೆಲಸ. ದಾರ ಹಿಂದೆ ಬರುವಂತೆ ಕಾಲು ತೂರಿಸಿ, ಹೆಚ್ಚಾದ ಬಟ್ಟೆಯನ್ನು ಸೊಂಟದ ಮುಂದೆ ಮಡಚಿ, ದಾರವನ್ನು ಮುಂದಕ್ಕೆ ತಂದು ಕಟ್ಟಿ, ಮೇಲಿನ ಅಂಚನ್ನು ಗಂಟಿನ ಮೇಲೆ ಮಗುಚಿಬಿಡುವುದು. ಒಳಉಡುಪು ತೆಗೆಯುವ ಪ್ರಶ್ನೆಯೇ ಇಲ್ಲ. ವಾಚು, ಬಳೆ, ಬೆಲ್ಟು, ಉದ್ದದ ಓಲೆ ತೆಗೆದಿಡಿ. ತಾಳಿ ತೆಗೆಯಲು ಇಷ್ಟವಿಲ್ಲದವರು ಮೊದಲೇ ಹೇಳಿಬಿಡಿ. ಕತ್ತಿನ ಹತ್ತಿರ ಅವರು ನೋಡಿಕೊಂಡು ಒತ್ತುತ್ತಾರೆ.

ಹೊಟ್ಟೆ ತುಂಬ ಊಟ ಮಾಡಿ ಮಾತ್ರ ಹೋಗಬೇಡಿ. ಊಟಕ್ಕೂ ಮಸಾಜಿಗೂ ಒಂದೂವರೆ ಎರಡು ಗಂಟೆ ಅಂತರ ಇರಲಿ. ಕಾಲನ್ನು ಹೊಟ್ಟೆಗೆ ಒತ್ತುವ ಭಂಗಿಗಳು ಬರುತ್ತವೆ, ಆಗ ಬಿಸಿಬೇಳೆಬಾತ್ ತನ್ನ ಇರುವಿಕೆ ತಿಳಿಸುತ್ತದೆ.

ಕಾಲಿನಿಂದ ತಲೆಗೆ

ನಿಮಗೆ ನೋವಿರುವುದು ಕತ್ತಿನಲ್ಲಿ. ಆದರೆ ಅವರು ಶುರು ಮಾಡುವುದು ಪಾದದಿಂದ. ಕೆಲವರು ಶುರುವಿಗೆ ಮುಂಚೆ ಕೈ ಮುಗಿದು ಒಂದು ಕ್ಷಣ ಕಣ್ಣು ಮುಚ್ಚುತ್ತಾರೆ. ಅದು ಗುರುವಂದನೆ. ಆಮೇಲೆ ಎರಡೂ ಪಾದಗಳನ್ನು ಅಂಗೈಯಲ್ಲಿ ಒತ್ತುತ್ತ, ಕಣಕಾಲು, ಮೀನಖಂಡ, ತೊಡೆ ಅಂತ ಮೇಲೇರುತ್ತಾರೆ. ಎರಡು ಗಂಟೆಯ ಮಸಾಜಿನಲ್ಲಿ ಎಷ್ಟೋ ಸಲ ಅರ್ಧ ಹೊತ್ತು ಬರೀ ಕಾಲಿಗೇ ಹೋಗುತ್ತದೆ. ಮೊದಲ ಸಲ ಹೋದವರು ನಡುವೆ "ಬೆನ್ನು ಯಾವಾಗ?" ಅಂತ ಚಡಪಡಿಸುವುದು ಸಾಮಾನ್ಯ. ಬರುತ್ತೆ, ಕಾಯಿರಿ.

ಒತ್ತುವ ರೀತಿಯನ್ನು ಸ್ವಲ್ಪ ಗಮನಿಸಿ. ಚಪಾತಿ ಹಿಟ್ಟು ನಾದುವಾಗ ತೋಳಿನ ಬಲ ಹಾಕುವವರು ಐದೇ ನಿಮಿಷಕ್ಕೆ ಸುಸ್ತಾಗುತ್ತಾರೆ. ಪಳಗಿದವರು ಮೊಣಕೈ ನೆಟ್ಟಗಿಟ್ಟು ಮೈಭಾರವನ್ನು ಮುಂದಕ್ಕೆ ಬಿಡುತ್ತಾರೆ, ಅಷ್ಟೇ. ಥಾಯ್ ಮಸಾಜಿನ ಗುಟ್ಟೂ ಅದೇ. ನಲವತ್ತೈದು ಕಿಲೋ ತೂಗುವ ಹೆಂಗಸು ನೂರು ಕಿಲೋ ಆಸಾಮಿಯನ್ನು ದಿನಕ್ಕೆ ನಾಲ್ಕು ಸಲ ಮಡಚಿ ಎತ್ತಬಲ್ಲರು ಅಂದರೆ ತೋಳಿನ ಶಕ್ತಿಯಿಂದಲ್ಲ. ಮುಂದಕ್ಕೆ ಬಾಗಿದಾಗ ಒತ್ತಡ, ಹಿಂದಕ್ಕೆ ಸರಿದಾಗ ಬಿಡುವು. ಮುಂದೆ, ಹಿಂದೆ. ತೊಟ್ಟಿಲು ತೂಗಿದ ಹಾಗೆ. ಅಂಗೈ, ಹೆಬ್ಬೆರಳು, ಮುಂದೋಳು, ಮೊಣಕೈ, ಮಂಡಿ, ಅಂಗಾಲು ಎಲ್ಲವೂ ಅವರ ಹತಾರಗಳು. ಹೆಬ್ಬೆರಳಿನಿಂದ ಒತ್ತುವಾಗ ಒಂದು ಗೆರೆ ಹಿಡಿದು ಬೆರಳಗಲ ಬೆರಳಗಲ ಮುಂದೆ ಸಾಗುತ್ತಾರೆ. ಯಾವುದೋ ಒಂದು ಜಾಗದಲ್ಲಿ ನೀವು "ಹ್ಞಾ" ಅಂದಿರಿ ಅಂದುಕೊಳ್ಳಿ. ಅವರು ಅಲ್ಲಿ ನಿಲ್ಲುತ್ತಾರೆ. ಅಜ್ಜಿ ನನ್ನನ್ನು ನಿಲ್ಲಿಸುತ್ತಿದ್ದ ಹಾಗೆ.

ಒಂದು ವಿಚಿತ್ರ ಗಳಿಗೆ ಬರಬಹುದು. ತೊಡೆಸಂದಿಯಲ್ಲಿ, ನಾಡಿ ಬಡಿಯುವ ಕಡೆ, ಅಂಗೈ ಊರಿ ಅರ್ಧ ನಿಮಿಷ ಅಲ್ಲಾಡದೆ ಹಿಡಿಯುತ್ತಾರೆ. ಕಾಲು ಸ್ವಲ್ಪ ಜೋಮು ಹಿಡಿದ ಹಾಗಾಗುತ್ತದೆ. ಬಿಟ್ಟ ತಕ್ಷಣ ಬಿಸಿ ನೀರು ಹರಿದ ಹಾಗೆ ಪಾದದವರೆಗೆ ಬೆಚ್ಚಗಾಗುತ್ತದೆ. ಇದಕ್ಕೆ 'ಗಾಳಿಯ ಬಾಗಿಲು ತೆರೆಯುವುದು' ಅನ್ನುತ್ತಾರೆ. ಆಗುವುದು ಇಷ್ಟೇ. ಕಾಲಿಗೆ ಹೋಗುವ ದೊಡ್ಡ ರಕ್ತನಾಳವನ್ನು ಒತ್ತಿ ಹಿಡಿದು ಬಿಡುತ್ತಾರೆ, ತಡೆದಿದ್ದ ರಕ್ತ ನುಗ್ಗುತ್ತದೆ. ಹಿತವಾಗಿರುತ್ತೆ ನಿಜ. ಆದರೆ ಬಿಪಿ, ಹೃದಯದ ತೊಂದರೆ, ಕಾಲಿನಲ್ಲಿ ಉಬ್ಬಿದ ರಕ್ತನಾಳ ಇರುವವರಿಗೆ ಮತ್ತು ಬಸುರಿಯರಿಗೆ ಇದು ಬೇಡವೇ ಬೇಡ. ಕೇಳದೆ ಮಾಡಲು ಬಂದರೆ ಕೈ ಅಡ್ಡ ಹಿಡಿಯಿರಿ.

ನಂತರ ಎಳೆದಾಟ ಶುರು. ಥಾಯ್ ಮಸಾಜನ್ನು 'ಸೋಮಾರಿಗಳ ಯೋಗ' ಅಂತ ತಮಾಷೆ ಮಾಡುವುದು ಇದಕ್ಕೇ. ನಿಮ್ಮ ಕಾಲನ್ನು ಎತ್ತಿ ಎದೆಗೆ ಒತ್ತುತ್ತಾರೆ, ಸೊಂಟವನ್ನು ಒಂದು ಕಡೆಗೆ, ಭುಜವನ್ನು ಇನ್ನೊಂದು ಕಡೆಗೆ ತಿರುಗಿಸುತ್ತಾರೆ. ಬೋರಲು ಮಲಗಿಸಿ, ನಿಮ್ಮ ತೊಡೆಯ ಮೇಲೆ ಮಂಡಿಯೂರಿ, ಎರಡೂ ಕೈ ಹಿಡಿದು ಹಿಂದಕ್ಕೆ ಎಳೆದರೆ ನೀವು ಭುಜಂಗಾಸನದಲ್ಲಿ ಇರುತ್ತೀರಿ. ನೀವು ಮಾಡಬೇಕಾದ್ದು ಏನೂ ಇಲ್ಲ. ಅದೇ ಕಷ್ಟ! ನಾವು ಸಹಾಯ ಮಾಡಲು ಹೋಗುತ್ತೇವೆ. ಅವರು ಕೈ ಎತ್ತುವ ಮೊದಲೇ ನಾವೇ ಎತ್ತುತ್ತೇವೆ. ಕಾಲು ಅವರ ಕೈಯಲ್ಲಿದ್ದರೂ ನಾವು ಬಿಗಿ ಹಿಡಿದಿರುತ್ತೇವೆ. ನನ್ನ ಕಾಲನ್ನು ಮೇಲೆತ್ತಿದ ಆ ಹೆಂಗಸು ಕೈ ಬಿಟ್ಟು ನೋಡಿದರು. ಕಾಲು ಗಾಳಿಯಲ್ಲೇ ನಿಂತಿತ್ತು. ಅವರು ಅದನ್ನು ಬೆರಳಲ್ಲಿ ತೋರಿಸಿ ನಕ್ಕರು. ಆವರೆಗೆ ನಾನು ಆರಾಮಾಗಿ ಮಲಗಿದ್ದೇನೆ ಅಂತಲೇ ನಂಬಿದ್ದೆ.

ಮಡಚುವಾಗ ಉಸಿರು ಬಿಡಿ. ಹಿಡಿದಿಟ್ಟುಕೊಂಡರೆ ಮೈ ಇನ್ನಷ್ಟು ಸೆಟೆಯುತ್ತದೆ.

ಕಾಲ್ಬೆರಳ ನೆಟಿಗೆ ಮುರಿಯುತ್ತಾರೆ, ಕೈಬೆರಳದ್ದೂ. ಬೆನ್ನು ತಿರುಗಿಸಿದಾಗಲೂ ಲಟಕ್ ಅನ್ನಬಹುದು. ಮೂಳೆ ಜಾಗಕ್ಕೆ ಬಂತು ಅಂತ ಖುಷಿಪಡಬೇಕಿಲ್ಲ. ಕೀಲಿನ ಒಳಗೆ ದ್ರವ ಇರುತ್ತದೆ. ಕೀಲನ್ನು ಎಳೆದಾಗ ಅದರೊಳಗೆ ಗಾಳಿಗುಳ್ಳೆಯಂಥ ಪೊಳ್ಳು ದಿಢೀರನೆ ಏಳುತ್ತದೆ. 2015ರಲ್ಲಿ ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು ಬೆರಳಿನ ನೆಟಿಗೆಯನ್ನು ಎಂಆರ್‌ಐ ಯಂತ್ರದೊಳಗೆ ಚಿತ್ರಿಸಿ ಇದನ್ನು ತೋರಿಸಿದರು. ಸದ್ದು ಬರಲಿಲ್ಲ ಅಂದರೆ ಮಸಾಜ್ ಸರಿಯಾಗಲಿಲ್ಲ ಅಂತಲೂ ಅಲ್ಲ. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ: ಕತ್ತನ್ನು ಜರ್ ಅಂತ ತಿರುಗಿಸಿ ನೆಟಿಗೆ ತೆಗೆಯಲು ಬಿಡಬೇಡಿ. ಕತ್ತಿನ ಮೂಳೆಗಳ ಒಳಗಿಂದ ಮಿದುಳಿಗೆ ರಕ್ತನಾಳ ಹೋಗುತ್ತದೆ. ಅದು ಸೀಳಿದರೆ ಪಾರ್ಶ್ವವಾಯು ಆಗಬಹುದು. ಅಪರೂಪ ಹೌದು. ಆದರೆ ಒಂದು 'ಲಟಕ್' ಸದ್ದಿಗಾಗಿ ಅಷ್ಟು ದೊಡ್ಡ ಜೂಜು ಯಾಕೆ? ನಮ್ಮ ಸಲೂನಿನಲ್ಲಿ ಕ್ಷೌರ ಮುಗಿದ ಮೇಲೆ ತಲೆ ಹಿಡಿದು ತಿರುಗಿಸುವವರಿಗೂ ಇದೇ ಉತ್ತರ.

ಕೊನೆಗೆ ಕೂರಿಸಿ ಭುಜ, ಕತ್ತು, ತಲೆ. ಅಷ್ಟರಲ್ಲಿ ಅರ್ಧ ಜನ ನಿದ್ದೆ ಹೋಗಿರುತ್ತಾರೆ. ಗೊರಕೆ, ಹೊಟ್ಟೆ ಗುಡುಗುಡು, ಗ್ಯಾಸ್, ಕಚಗುಳಿಯ ನಗು ಎಲ್ಲ ಅವರು ದಿನಾ ನೋಡುವಂಥದ್ದೇ. ಮುಗಿದ ಮೇಲೆ ಶುಂಠಿಯದೋ ನಿಂಬೆಹುಲ್ಲಿನದೋ ಬಿಸಿ ಕಷಾಯ ಸಿಗುತ್ತದೆ. ತಕ್ಷಣ ಎದ್ದು ಓಡಬೇಡಿ. ತಲೆ ಸ್ವಲ್ಪ ಹಗುರಾಗಿ ತಿರುಗಿದ ಹಾಗಿರಬಹುದು.

ಹೆಚ್ಚಿಗೆ ದುಡ್ಡು ಕೊಟ್ಟರೆ ಗಿಡಮೂಲಿಕೆಯ ಶಾಖವೂ ಉಂಟು. ಪ್ಲಾಯ್ ಎಂಬ ಶುಂಠಿ ಜಾತಿಯ ಗೆಡ್ಡೆ, ಅರಿಸಿನ, ನಿಂಬೆಹುಲ್ಲು, ಹುಣಸೆ ಎಲೆ, ಕರ್ಪೂರ, ಉಪ್ಪು ಇವನ್ನೆಲ್ಲ ಬಟ್ಟೆಯಲ್ಲಿ ಉಂಡೆ ಕಟ್ಟಿ, ಹಬೆಯಲ್ಲಿ ಬೇಯಿಸಿ, ಮೈಗೆ ಒತ್ತುತ್ತಾರೆ. ನಮ್ಮಲ್ಲಿ ಬಟ್ಟೆಯ ಗಂಟು ಕಟ್ಟಿ ಶಾಖ ಕೊಡುವುದನ್ನು ಕಂಡವರಿಗೆ ಹೊಸದೇನಲ್ಲ. ಆದರೂ ಮೂಗಿಗೆ ಬಡಿಯುವ ಆ ಕರ್ಪೂರದ ವಾಸನೆಗೇ ನಾನು ಇನ್ನೊಂದು ಸಲ ದುಡ್ಡು ಕೊಟ್ಟೇನು. ಅರಿಸಿನದ ಕಲೆ ಮಾತ್ರ ಬಟ್ಟೆಗೆ ಗ್ಯಾರಂಟಿ.

ಇಟ್ಟಾ, ಪಿಂಗಖಲಾ, ಸುಮನಾ

ಹೆಬ್ಬೆರಳು ಒಂದು ಗೆರೆ ಹಿಡಿದು ಹೋಗುತ್ತದೆ ಅಂದೆನಲ್ಲ, ಆ ಗೆರೆಗೆ ಥಾಯ್ ಭಾಷೆಯಲ್ಲಿ 'ಸೆನ್' ಅನ್ನುತ್ತಾರೆ. ಮೈಯಲ್ಲಿ 72,000 ಸೆನ್ ಇವೆ, ಅದರಲ್ಲಿ ಮುಖ್ಯವಾದವು ಹತ್ತು, ಎಲ್ಲವೂ ಹೊಕ್ಕುಳಿನ ಸುತ್ತಿನಿಂದ ಹೊರಡುತ್ತವೆ ಅನ್ನುವುದು ಅವರ ಲೆಕ್ಕ. ಮೊದಲ ಮೂರರ ಹೆಸರು ಇಟ್ಟಾ, ಪಿಂಗಖಲಾ, ಸುಮನಾ. ಗೊತ್ತಾಯ್ತಲ್ವಾ? ಇಡಾ, ಪಿಂಗಳಾ, ಸುಷುಮ್ನಾ. ಯೋಗದ ನಾಡಿಗಳ ಸಂಖ್ಯೆಯೂ 72,000. ಹೆಸರು, ಲೆಕ್ಕ ಎರಡೂ ಇಲ್ಲಿಂದ ಹೋದವು. ಆದರೆ ಗೆರೆಗಳು ಹೋಗುವ ದಾರಿಯನ್ನು ಅವರು ತಮ್ಮದೇ ರೀತಿಯಲ್ಲಿ ಎಳೆದುಕೊಂಡಿದ್ದಾರೆ. ಆಮೇಲೆ 'ನಮ್ಮ ಯೋಗವನ್ನೇ ಕದ್ದರು' ಅಂತ ವಾಟ್ಸ್ಯಾಪಿನಲ್ಲಿ ಹಬ್ಬಿಸಬೇಡಿ.

ಗುರುವಂದನೆಯಲ್ಲಿ ಅವರು ನೆನೆಯುವ 'ಶಿವಾಗೊ ಕೊಮಾರಪಜ್' ಬೇರೆ ಯಾರೂ ಅಲ್ಲ, ಜೀವಕ. ತಕ್ಷಶಿಲೆಯಲ್ಲಿ ಓದಿ, ಮಗಧದ ಬಿಂಬಿಸಾರನಿಗೂ ಬುದ್ಧನಿಗೂ ವೈದ್ಯನಾಗಿದ್ದವನು ಅಂತ ಬೌದ್ಧ ಗ್ರಂಥಗಳು ಹೇಳುವ ಜೀವಕ. ಅವನೇ ಮಸಾಜ್ ಹುಟ್ಟಿಸಿದ ಅನ್ನುವುದು ನಂಬಿಕೆ, ಚರಿತ್ರೆಯಲ್ಲ. ಚರಿತ್ರೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಕಲ್ಲು. 1767ರಲ್ಲಿ ಬರ್ಮಾದ ಸೇನೆ ಅಯುತ್ಥಯಾ ರಾಜಧಾನಿಯನ್ನು ಸುಟ್ಟಾಗ ಎಷ್ಟೋ ಓಲೆಗರಿಗಳು ಹೋದವು. ಹೀಗೆ ಇನ್ನೊಮ್ಮೆ ಆಗಬಾರದು ಅನ್ನುವ ಹಾಗೆ, 1830ರ ದಶಕದಲ್ಲಿ ಮೂರನೇ ರಾಮ ಅನ್ನುವ ರಾಜ ಬ್ಯಾಂಕಾಕಿನ ವಾಟ್ ಫೊ ದೇವಾಲಯದಲ್ಲಿ ತಿಳಿದದ್ದನ್ನೆಲ್ಲ ಕಲ್ಲಿನಲ್ಲಿ ಕೆತ್ತಿಸಿದ. ಅದರಲ್ಲಿ ಮಸಾಜಿನ 60 ನಕ್ಷೆಗಳಿವೆ. ಮನುಷ್ಯನ ಆಕೃತಿ, ಮೈತುಂಬ ಚುಕ್ಕೆ, ಚುಕ್ಕೆಯಿಂದ ಹೊರಟ ಗೆರೆ, ಗೆರೆಯ ತುದಿಯಲ್ಲಿ ಯಾವ ನೋವಿಗೆ ಎಲ್ಲಿ ಒತ್ತಬೇಕು ಅನ್ನುವ ಟಿಪ್ಪಣಿ. ಆ ದೇವಾಲಯದ 1,431 ಶಾಸನಗಳನ್ನು ಯುನೆಸ್ಕೊ 2011ರಲ್ಲಿ 'ಜಗತ್ತಿನ ನೆನಪು' ಪಟ್ಟಿಗೆ ಸೇರಿಸಿದೆ.

ಪ್ರವಾಸಿಗಳು ವಾಟ್ ಫೊಗೆ ಹೋಗುವುದು 46 ಮೀಟರ್ ಉದ್ದದ ಮಲಗಿದ ಬುದ್ಧನನ್ನು ನೋಡಲು. ಫೋಟೋ ತೆಗೆದು ಹೊರಬರುತ್ತಾರೆ. ಅಂಗಳದ ಕಲ್ಲುಗುಡ್ಡೆಗಳ ಮೇಲೆ ಕೂತಿರುವ ಸಣ್ಣ ಮೂರ್ತಿಗಳನ್ನು ಹೆಚ್ಚಿನವರು ದಾಟಿಕೊಂಡೇ ಹೋಗುತ್ತಾರೆ. ಜಟೆ, ಗಡ್ಡ, ಸೊಂಟಕ್ಕೊಂದು ತುಂಡು ಬಟ್ಟೆ. ಒಬ್ಬ ತನ್ನ ಕತ್ತು ತಾನೇ ತಿರುಗಿಸಿಕೊಳ್ಳುತ್ತಿದ್ದಾನೆ. ಇನ್ನೊಬ್ಬ ತನ್ನ ತೊಡೆಯನ್ನು ತಾನೇ ಒತ್ತಿಕೊಳ್ಳುತ್ತಿದ್ದಾನೆ. ಇವರಿಗೆ 'ರುಸಿ ದಟ್ ತೊನ್' ಅನ್ನುತ್ತಾರೆ, ಮೈ ನೀಟಿಕೊಳ್ಳುವ ಋಷಿಗಳು. ಒಂದು ಕಾಲಕ್ಕೆ 80 ಇದ್ದವಂತೆ, ಈಗ ಉಳಿದಿರುವುದು ಇಪ್ಪತ್ತು ಚಿಲ್ಲರೆ. ಅದೇ ಆವರಣದಲ್ಲಿ ಮಸಾಜ್ ಶಾಲೆಯೂ ಇದೆ, ಅಲ್ಲೇ ಮಾಡಿಸಿಕೊಳ್ಳಲೂಬಹುದು.

ಹಾಗಾದರೆ ಸೆನ್ ಅನ್ನುವುದು ನಿಜಕ್ಕೂ ಇದೆಯೇ? ಮೈ ಕೊಯ್ದು ನೋಡಿದರೆ ಅಂಥ ಕೊಳವೆ ಸಿಗುವುದಿಲ್ಲ. ನರವೂ ಅಲ್ಲ, ರಕ್ತನಾಳವೂ ಅಲ್ಲ. ಆದರೆ ಒತ್ತುವವರ ಬೆರಳಿಗೆ ಅದೊಂದು ನಕ್ಷೆ. ಆ ಗೆರೆಗಳು ಬಹಳ ಕಡೆ ಎರಡು ಸ್ನಾಯುಗಳ ನಡುವಿನ ಸಂದಿಯಲ್ಲಿ, ಸ್ನಾಯು ಮೂಳೆಗೆ ಅಂಟುವ ಅಂಚಿನಲ್ಲಿ ಹೋಗುತ್ತವೆ. ನೋವು ಕಟ್ಟಿಕೊಳ್ಳುವುದೂ ಅಲ್ಲೇ ಜಾಸ್ತಿ. ನಕ್ಷೆಗೆ ಹೆಸರು ಕೊಟ್ಟವರ ವಿವರಣೆ ಒಪ್ಪದಿದ್ದರೂ ನಕ್ಷೆ ಕೆಲಸಕ್ಕೆ ಬರುತ್ತದೆ ಅನ್ನುವುದು ನನ್ನ ತಿಳಿವಳಿಕೆ.

ಮತ್ತೆ ಹಿತ ಎಲ್ಲಿಂದ ಬರುತ್ತದೆ? ಮಂಡಿ ತಗುಲಿದ ಮಗು ಅದನ್ನು ಉಜ್ಜಿಕೊಳ್ಳುತ್ತದೆ ಅಲ್ವಾ, ಅಲ್ಲಿಂದಲೇ ಶುರು ಮಾಡೋಣ. ಮುಟ್ಟಿದ್ದು, ಒತ್ತಿದ್ದು, ನೊಂದದ್ದು ಎಲ್ಲ ಸುದ್ದಿಯೂ ಬೆನ್ನುಹುರಿಯ ಮೂಲಕವೇ ಮೇಲೆ ಹೋಗಬೇಕು. ಒತ್ತಿದ ಸುದ್ದಿ ಜೋರಾಗಿ ಬಂದಾಗ ನೋವಿನ ಸುದ್ದಿಗೆ ಗೇಟು ಸ್ವಲ್ಪ ಮುಚ್ಚುತ್ತದೆ. 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಅನ್ನುವ ಇಬ್ಬರು ವಿಜ್ಞಾನಿಗಳು ಈ ಗೇಟಿನ ವಾದವನ್ನು ಮುಂದಿಟ್ಟರು. ಆಮೇಲೆ ಅದು ಬಹಳ ತಿದ್ದುಪಡಿ ಕಂಡಿದೆ, ಮೂಲ ಎಳೆ ಉಳಿದಿದೆ. ಇದರ ಜೊತೆ ನಿಧಾನದ ಲಯ, ಬೆಚ್ಚಗಿನ ಸ್ಪರ್ಶ, ಒಂದೂವರೆ ಗಂಟೆ ಫೋನ್ ಇಲ್ಲದೆ ಮಲಗಿದ್ದು. ಎದೆಬಡಿತ ಇಳಿಯುತ್ತದೆ, ಬಿಗಿ ಹಿಡಿದ ಸ್ನಾಯುಗೆ ಮಿದುಳೇ 'ಬಿಡು' ಅನ್ನುತ್ತದೆ. ಮಾಮೂಲಿ ಬೆನ್ನುನೋವು, ಕತ್ತುನೋವಿಗೆ ಥಾಯ್ ಮಸಾಜ್ ಸ್ವಲ್ಪ ಕಾಲ ಆರಾಮ ಕೊಡುತ್ತದೆ ಅಂತ ಅಧ್ಯಯನಗಳೂ ಹೇಳುತ್ತವೆ. 'ಸ್ವಲ್ಪ ಕಾಲ' ಅನ್ನುವುದರ ಕೆಳಗೆ ಗೆರೆ ಎಳೆದುಕೊಳ್ಳಿ. ದಿನಕ್ಕೆ ಹತ್ತು ಗಂಟೆ ಲ್ಯಾಪ್‌ಟಾಪ್ ಮುಂದೆ ಬಾಗಿ ಕೂರುವ ಬೆನ್ನಿಗೆ ತಿಂಗಳಿಗೊಂದು ಮಸಾಜ್ ಏನು ಮಾಡಲು ಸಾಧ್ಯ?

'ವಿಷ ಹೊರಹೋಗುತ್ತದೆ' ಅಂತ ಬೋರ್ಡಿನಲ್ಲಿ ಬರೆದಿರುತ್ತಾರೆ. ಆ ಕೆಲಸಕ್ಕೆ ಪಿತ್ತಜನಕಾಂಗ, ಮೂತ್ರಪಿಂಡ ಇವೆ. ಸುಮ್ನೆ ಬಿಡಿ.

ತಡೆದುಕೊಳ್ಳುವುದು ನಿಮ್ಮ ಕೆಲಸ ಅಲ್ಲ

ನನ್ನ ಎರಡನೇ ಮಸಾಜಿನ ಕತೆ ಹೇಳಿಬಿಡುತ್ತೇನೆ. ಅದು ಬೇರೆ ಅಂಗಡಿ. ಬಂದವರು ತೊಡೆಯ ಹೊರಭಾಗಕ್ಕೆ ಮೊಣಕೈ ಊರಿದರು. ಕಣ್ಣಲ್ಲಿ ನೀರು. ನೋವಾದರೇನೇ ಗುಣ, ಔಷಧಿ ಕಹಿಯಾಗಿಯೇ ಇರಬೇಕು, ಅನ್ನುವ ಪಾಠ ನಮಗೆ ಚಿಕ್ಕಂದಿನಿಂದಲೇ ಇದೆಯಲ್ಲ. ಹಲ್ಲು ಕಚ್ಚಿ ಮಲಗಿದೆ. ಅವರು "ಓಕೆ?" ಅಂತ ಎರಡು ಸಲ ಕೇಳಿದರು. ನಾನು "ಓಕೆ" ಅಂದೆ. ಮಾರನೇ ದಿನ ತೊಡೆಯ ಮೇಲೆ ಅಂಗೈಯಗಲ ನೀಲಿ ಕಲೆ. ನಾಲ್ಕು ದಿನ ಮೆಟ್ಟಿಲು ಇಳಿಯುವಾಗ ಆ ಮೊಣಕೈಯೇ ನೆನಪಾಗುತ್ತಿತ್ತು. ಅವರದ್ದು ಎಷ್ಟು ತಪ್ಪೋ, ಸುಳ್ಳು ಹೇಳಿದ ನನ್ನದೂ ಅಷ್ಟೇ.

ಅವರಿಗೆ ನಿಮ್ಮ ಒಳಗಿನ ನೋವು ಕಾಣುವುದಿಲ್ಲ. ನಿಮ್ಮ ಉಸಿರು, ಮುಖ, ಸ್ನಾಯುವಿನ ಬಿಗಿತ ನೋಡಿ ಅಂದಾಜು ಮಾಡುತ್ತಾರೆ. ಬಾಯಿಬಿಟ್ಟು ಹೇಳಿದರೆ ಅಂದಾಜು ಮಾಡುವ ಕಷ್ಟ ತಪ್ಪುತ್ತದೆ. ಥಾಯ್ಲೆಂಡಿನಲ್ಲಾದರೆ ಮೂರು ಪದ ಸಾಕು. 'ಜೆಪ್' ಅಂದರೆ ನೋವು. 'ಬಾವ್ ಬಾವ್' ಅಂದರೆ ಮೆಲ್ಲಗೆ. ಎಲ್ಲ ಸರಿಯಿದ್ದರೆ 'ಸಬಾಯ್', ಹಾಯಾಗಿದೆ ಅಂತ. ಬೆಂಗಳೂರಿನಲ್ಲಾದರೆ ಯಾವ ಭಾಷೆಯಲ್ಲಾದರೂ ಹೇಳಿ, ಆದರೆ ಹೇಳಿ.

ಎಷ್ಟು ನೋವು ಸರಿ? ಹತ್ತರಲ್ಲಿ ಐದು ಆರರವರೆಗೆ, ಉಸಿರು ಸರಾಗ ಆಡುತ್ತಿದ್ದರೆ, 'ಅಬ್ಬಾ, ಅಲ್ಲೇ, ಬಿಡಬೇಡಿ' ಅನ್ನುವಂಥ ನೋವು ಇದ್ದರೆ ತೊಂದರೆಯಿಲ್ಲ. ಚುಚ್ಚಿದ ಹಾಗೆ, ಕರೆಂಟ್ ಹೊಡೆದ ಹಾಗೆ, ಉರಿದ ಹಾಗೆ ಆದರೆ, ಕಾಲಿಗೋ ಕೈಗೋ ಜೋಮು ಇಳಿದರೆ, ನೀವು ಉಸಿರು ಬಿಗಿ ಹಿಡಿದಿದ್ದರೆ, ತಕ್ಷಣ ನಿಲ್ಲಿಸಲು ಹೇಳಿ. ಅದು ಸ್ನಾಯುವಿನ ನೋವಲ್ಲ.

ಯಾರು ಹೋಗಬಾರದು, ಯಾರು ಕೇಳಿಕೊಂಡು ಹೋಗಬೇಕು

ಇಲ್ಲಿ ತಮಾಷೆ ಇಲ್ಲ. ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ಮೀನಖಂಡ ನೋಯುತ್ತಿದ್ದರೆ ಒಳಗೆ ರಕ್ತ ಹೆಪ್ಪುಗಟ್ಟಿರಬಹುದು. ದೂರದ ವಿಮಾನ ಪ್ರಯಾಣದ ಮೇಲೆ, ಆಪರೇಷನ್ ಆಗಿ ಹಾಸಿಗೆ ಹಿಡಿದ ಮೇಲೆ ಹೀಗಾಗುವುದುಂಟು. ಅದನ್ನು ಒತ್ತಿದರೆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಬಹುದು. ಅಲ್ಲಿ ಬೇಕಾದದ್ದು ಆಸ್ಪತ್ರೆ, ಮಸಾಜ್ ಅಲ್ಲ. ವಿಮಾನ ಇಳಿದ ದಿನವೇ ಕಾಲು ನೋವು ಅಂತ ಮಸಾಜ್ ಅಂಗಡಿಗೆ ನುಗ್ಗುವವರು ಇದನ್ನು ನೆನಪಿಡಬೇಕು.

ಜ್ವರ, ಚರ್ಮದ ಸೋಂಕು, ಹೊಸ ಪೆಟ್ಟು, ಹಿಡಿತಕ್ಕೆ ಬರದ ಬಿಪಿ, ಇತ್ತೀಚಿನ ಆಪರೇಷನ್ ಇದ್ದರೆ ಮುಂದೂಡಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಿಗೆ ಮೆಲ್ಲಗೆ ಒತ್ತಿದರೂ ಕಲೆ ಬೀಳುತ್ತದೆ. ಮೂಳೆ ಸವೆದ ಹಿರಿಯರಿಗೆ ಈ ಮಡಚುವ, ತುಳಿಯುವ ಆಟ ಬೇಡ. ಸಕ್ಕರೆ ಕಾಯಿಲೆ ಹಳೆಯದಾಗಿ ಪಾದದ ಸ್ಪರ್ಶ ಕಡಿಮೆಯಾದವರಿಗೆ ಒಂದು ಹೆಚ್ಚಿನ ಕಷ್ಟ ಇದೆ. ಜಾಸ್ತಿ ಒತ್ತಿದರೂ ಅವರಿಗೆ ಗೊತ್ತೇ ಆಗುವುದಿಲ್ಲ. ನಮ್ಮ ಮನೆಗಳಲ್ಲಿ ಇಂಥವರು ಒಬ್ಬರಾದರೂ ಇರುತ್ತಾರೆ. ಅಪ್ಪ ಅಮ್ಮನಿಗೆ ಮಸಾಜ್ ಕೂಪನ್ ಉಡುಗೊರೆ ಕೊಡುವ ಮುಂಚೆ ಅವರ ಮಾತ್ರೆಯ ಡಬ್ಬಿ ಒಮ್ಮೆ ನೋಡಿ. ಬಸುರಿಯರು ತಮ್ಮ ಡಾಕ್ಟರನ್ನು ಕೇಳದೆ ಬೇಡ.

ಬೆನ್ನುನೋವಿನ ಜೊತೆ ಕಾಲಿಗೆ ಬಲ ಇಲ್ಲದಂತಾದರೆ, ಮೂತ್ರ ಹಿಡಿತ ತಪ್ಪಿದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ, ರಾತ್ರಿ ಮಲಗಿದಾಗಲೂ ನೋವು ಬಿಡದಿದ್ದರೆ ಮೊದಲು ಡಾಕ್ಟರ್.

ಆರಾಮಿನದು ಬೇರೆ, ಚಿಕಿತ್ಸೆಯದು ಬೇರೆ

ಥಾಯ್ಲೆಂಡಿನಲ್ಲೇ ಎರಡು ಕವಲುಗಳಿವೆ. ಅಂಗಡಿಗಳಲ್ಲಿ ಸಿಗುವುದು ಜನಪದ ಶೈಲಿ, ಮೊಣಕೈ ಅಂಗಾಲು ಎಲ್ಲ ಬಳಸುವಂಥದ್ದು. ಇನ್ನೊಂದು ಅರಮನೆ ಶೈಲಿ. ರಾಜನ ಮೈಮೇಲೆ ಕಾಲಿಡಲು ಆಗುತ್ತದೆಯೇ? ಅಲ್ಲಿ ಮಂಡಿಯೂರಿ, ಮರ್ಯಾದೆಯ ದೂರದಲ್ಲಿ ಕೂತು, ಬರೀ ಕೈಯಿಂದ ಒತ್ತುತ್ತಿದ್ದರು. ಎಳೆದಾಟ ಕಡಿಮೆ, ನಿರ್ದಿಷ್ಟ ಜಾಗಕ್ಕೆ ಒತ್ತು ಜಾಸ್ತಿ. ಇವತ್ತು ಅಲ್ಲಿನ ಆಸ್ಪತ್ರೆಗಳ ಸಾಂಪ್ರದಾಯಿಕ ವೈದ್ಯ ವಿಭಾಗದಲ್ಲಿ ಸಿಗುವ ಚಿಕಿತ್ಸೆ ಇದಕ್ಕೆ ಹತ್ತಿರ.

ಚಿಕಿತ್ಸೆಗೆ ಅಂತ ಹೋದಾಗ ಕ್ರಮ ಬದಲಾಗುತ್ತದೆ. ಮೊದಲು ಪ್ರಶ್ನೆ. ಎಲ್ಲಿ ನೋವು, ಎಷ್ಟು ದಿನದಿಂದ, ಏನು ಮಾಡಿದರೆ ಜಾಸ್ತಿ, ಯಾವ ಮಾತ್ರೆ. ಕತ್ತು ತಿರುಗಿಸಿ ತೋರಿಸಿ, ಕೈ ಎತ್ತಿ ತೋರಿಸಿ ಅನ್ನುತ್ತಾರೆ. ಆಮೇಲೆ ಇಡೀ ಮೈ ಬಿಟ್ಟು ನೋವಿನ ಸುತ್ತಲೇ ಅರ್ಧ ಮುಕ್ಕಾಲು ಗಂಟೆ. ಮುಗಿದ ಮೇಲೆ ಮತ್ತೆ ಕೈ ಎತ್ತಿ ತೋರಿಸಲು ಹೇಳುತ್ತಾರೆ. ಮನೆಯಲ್ಲಿ ಮಾಡಲು ಒಂದೆರಡು ವ್ಯಾಯಾಮ ಹೇಳಿಕೊಟ್ಟರೆ ಸರಿಯಾದವರ ಕೈಗೆ ಸಿಕ್ಕಿದ್ದೀರಿ. ಮೂರು ನಾಲ್ಕು ಸಲ ಹೋದರೂ ಏನೂ ವ್ಯತ್ಯಾಸ ಇಲ್ಲ ಅಂದರೆ ಅಲ್ಲಿಗೆ ನಿಲ್ಲಿಸಿ. "ಇನ್ನೂ 20 ಸೆಷನ್ ಪ್ಯಾಕೇಜ್ ತಗೊಳ್ಳಿ" ಅಂದರೆ ಖಂಡಿತ ನಿಲ್ಲಿಸಿ.

ಬೆಂಗಳೂರು, ಮೈಸೂರು, ಮಂಗಳೂರಿನಲ್ಲಿ 'ಥಾಯ್ ಸ್ಪಾ' ಬೋರ್ಡ್‌ಗೆ ಬರವಿಲ್ಲ. ಒಳಗೆ ಸಿಗುವುದು ಥಾಯ್ ಮಸಾಜೇ ಅಂತ ಹೇಳಲಾಗದು. ಫೋನ್ ಮಾಡಿ ಕೇಳಿ: ನೆಲದ ಹಾಸಿಗೆಯೋ ಟೇಬಲ್ಲೋ? ಬಟ್ಟೆ ಹಾಕಿಕೊಂಡೋ ಎಣ್ಣೆ ಹಚ್ಚಿಯೋ? ಮಾಡುವವರು ಎಲ್ಲಿ, ಎಷ್ಟು ಗಂಟೆ ಕಲಿತಿದ್ದಾರೆ? ಥಾಯ್ಲೆಂಡಿನಲ್ಲಿ ಇದಕ್ಕೆ ನೂರಾರು ಗಂಟೆಯ ಕೋರ್ಸುಗಳಿವೆ. ಎಣ್ಣೆ ಹಚ್ಚಿದರೆ ಕೆಟ್ಟದ್ದು ಅಂತಲ್ಲ. ಅದು ಬೇರೆ ಮಸಾಜ್, ಅಷ್ಟೇ.

ಕೆಲವು ಬೋರ್ಡುಗಳ ಹಿಂದೆ ಬೇರೆ ವ್ಯವಹಾರ ಇರುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ, ಯಾರೂ ಕೇಳದ ವಿಷಯ. ಮರ್ಯಾದಸ್ಥ ಜಾಗದಲ್ಲಿ ದರಪಟ್ಟಿ ಗೋಡೆಯ ಮೇಲಿರುತ್ತದೆ, ಒಳಗೆ ಹೋದ ಮೇಲೆ ಹೊಸ ದರ ಹುಟ್ಟುವುದಿಲ್ಲ. ಗುಪ್ತಾಂಗದ ಹತ್ತಿರಕ್ಕೂ ಕೈ ಬರುವುದಿಲ್ಲ. ಹೆಣ್ಣುಮಕ್ಕಳು ಹೆಂಗಸೇ ಬೇಕು ಅಂತ ಕೇಳಬಹುದು, ಅದರಲ್ಲಿ ಸಂಕೋಚ ಬೇಡ. ಇರಿಸುಮುರಿಸು ಅನ್ನಿಸಿದ ಕ್ಷಣ, ಕಾರಣ ಹೇಳದೆಯೇ, ಎದ್ದು ಬರಬಹುದು. ಆ ಕಡೆಯವರಿಗೂ ಅದೇ ಹಕ್ಕು ಇದೆ. ಗಿರಾಕಿ ಅಸಭ್ಯವಾಗಿ ಮಾತಾಡಿದರೆ ಅವರು ಅರ್ಧಕ್ಕೇ ನಿಲ್ಲಿಸುತ್ತಾರೆ, ನಿಲ್ಲಿಸಬೇಕು ಕೂಡ.

ಮಾರನೇ ದಿನ

ಮನೆಗೆ ಬಂದ ಮೇಲೆ ಮೈ ಭಾರ, ನಿದ್ದೆ ಜಾಸ್ತಿ. ಮಾರನೇ ದಿನ ಹೊಸದಾಗಿ ಜಿಮ್ಮಿಗೆ ಹೋಗಿ ಬಂದ ಹಾಗೆ ಅಲ್ಲಲ್ಲಿ ನೋವಿರುತ್ತದೆ. ಒಂದು ದಿನ, ಹೆಚ್ಚೆಂದರೆ ಎರಡು ದಿನ. ಬಿಸಿನೀರ ಸ್ನಾನ, ಸ್ವಲ್ಪ ಓಡಾಟ ಸಾಕು. ಮೂರನೇ ದಿನಕ್ಕೂ ನೋವು ಏರುತ್ತಲೇ ಇದ್ದರೆ, ಜೋಮು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಮಸಾಜ್ ಆದ ಮೇಲೆ ಹಠಾತ್ ಕತ್ತುನೋವು, ಹಿಂದೆಂದೂ ಬಾರದಂಥ ತಲೆನೋವು, ಮಾತು ತೊದಲುವುದು ಕಂಡರೆ ಒಂದು ನಿಮಿಷವೂ ಕಾಯಬೇಡಿ.

ಬ್ಯಾಂಕಾಕಿನ ಸಾಮಾನ್ಯ ಅಂಗಡಿಯಲ್ಲಿ ಗಂಟೆಗೆ ಸುಮಾರು 250ರಿಂದ 400 ಬಾತ್ (ಬಾತ್ ಅಂದರೆ ಅಲ್ಲಿನ ದುಡ್ಡು). ಕೈಗೆ 50ರಿಂದ 100 ಬಾತ್ ಟಿಪ್ಸ್ ಕೊಡುವುದು ರೂಢಿ. ಅಂಗಡಿಗೆ ಕಟ್ಟುವ ದುಡ್ಡಿನಲ್ಲಿ ಮಾಡಿದವರಿಗೆ ಸಿಗುವುದು ಒಂದು ಪಾಲು ಮಾತ್ರ, ಹಾಗಾಗಿ ಟಿಪ್ಸನ್ನು ಅವರ ಕೈಗೇ ಕೊಡಿ. ಮೊದಲ ಸಲಕ್ಕೆ ಒಂದು ಗಂಟೆ ಸಾಲದು, ಕಾಲು ಮುಗಿಯುವಷ್ಟರಲ್ಲಿ ಗಡಿಯಾರ ಮುಗಿದಿರುತ್ತದೆ. ಎರಡು ಗಂಟೆ ಹೊಸಬರ ಮೈಗೆ ಜಾಸ್ತಿ. ಒಂದೂವರೆ ಗಂಟೆ ಹದ.

ಕೈಗುಣ ಒಬ್ಬೊಬ್ಬರದು ಒಂದೊಂದು ಥರ. ಅದಕ್ಕೇ ಅಲ್ಲಿನ ಎಷ್ಟೋ ಅಂಗಡಿಗಳಲ್ಲಿ ಮಾಡುವವರ ಅಂಗಿಯ ಮೇಲೆ ಒಂದು ನಂಬರ್ ಇರುತ್ತದೆ. ಮೊದಲ ಸಲದ ಆ ಹೆಂಗಸಿನ ನಂಬರ್ 17. ಬಿಲ್ಲಿನ ಹಿಂದೆ ಬರೆದಿಟ್ಟುಕೊಂಡಿದ್ದೆ. ನೀಲಿ ಕಲೆ ಮಾಯ್ದ ಮೇಲೆ ಅದೇ ಗಲ್ಲಿಗೆ ಹೋಗಿ ಚೀಟಿ ತೋರಿಸಿದೆ. ಅವರಿಗೆ ಬಿಡುವಾಗಲು ಮುಕ್ಕಾಲು ಗಂಟೆ ಆಗುತ್ತದೆ ಅಂದರು. ಕಾಯುತ್ತೇನೆ ಅಂದೆ. ಈ ಸಲ ಪ್ಯಾಂಟ್ ನಾನೇ ಸರಿಯಾಗಿ ಕಟ್ಟಿಕೊಂಡೆ.